ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್: ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು, ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳು

ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಬಹುಪಾಲು ಸಾಫ್ಟ್ ಲೆನ್ಸಿನ ಮಾತು. ಗಟ್ಟಿ ಲೆನ್ಸ್ ಹಾಕುವವರಿಗೆ ಅದರಲ್ಲಿ ಅರ್ಧ ಹೊಂದುವುದಿಲ್ಲ, ಕೆಲವು ಸಲಹೆ ಅಪಾಯಕ್ಕೂ ದಾರಿ ಮಾಡುತ್ತವೆ. ಇನ್ನು ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ್ದು ಮರೆತುಹೋಗುತ್ತದೆ, ಮನೆಗೆ ಬಂದ ಮೇಲೆ ನೆನಪಾಗುತ್ತದೆ. ನಾನು ಡಾಕ್ಟರ್ ಅಲ್ಲ. ಕೆರಟೋಕೋನಸ್ (ಕಣ್ಣಿನ ಮುಂದಿನ ಪಾರದರ್ಶಕ ಪದರ ತೆಳುವಾಗಿ ಶಂಕುವಿನ ಹಾಗೆ ಉಬ್ಬುವ ರೋಗ) ಇರುವುದರಿಂದ ವರ್ಷಗಟ್ಟಲೆಯಿಂದ ಈ ಲೆನ್ಸ್ ಹಾಕುತ್ತಿರುವವಳು. ಹೊಸದಾಗಿ ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ನೀವು ಏನನ್ನು ಗಮನಿಸಿ ಡಾಕ್ಟರಿಗೆ ಹೇಳುತ್ತೀರೋ ಅದರ ಮೇಲೆಯೇ ಲೆನ್ಸ್ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದು ನಿಂತಿದೆ.

ಗಟ್ಟಿ ಲೆನ್ಸ್ ಅಂದರೆ ಯಾವುದು? ಸಾಫ್ಟ್ ಲೆನ್ಸಿಗಿಂತ ಹೇಗೆ ಬೇರೆ?

ಸಾಫ್ಟ್ ಲೆನ್ಸ್ ನೀರು ಹೀರಿಕೊಂಡು ಮೆತ್ತಗಿರುತ್ತದೆ. ಕಣ್ಣಿನ ಮೇಲೆ ಇಟ್ಟರೆ ಕಣ್ಣಿನ ಆಕಾರಕ್ಕೇ ಬಾಗಿಬಿಡುತ್ತದೆ. ಗಟ್ಟಿ ಲೆನ್ಸ್ ಬಾಗುವುದಿಲ್ಲ, ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಅಳತೆಯೂ ಬೇರೆ. ಸಾಫ್ಟ್ ಲೆನ್ಸ್ ಸುಮಾರು 14 ಮಿಲಿಮೀಟರ್ ಅಗಲ ಇದ್ದರೆ, ಮಾಮೂಲಿ ಗಟ್ಟಿ ಲೆನ್ಸ್ 9ರಿಂದ 10 ಮಿಲಿಮೀಟರ್ ಇರುತ್ತದೆ. ಅಂದರೆ ಅದು ಕಾರ್ನಿಯಾಕ್ಕಿಂತ ಚಿಕ್ಕದು. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮುಂದೆ ಇರುವ ಪಾರದರ್ಶಕ ಪದರ.

ಕಾರ್ನಿಯಾದ ಮೇಲೆ ಮಾತ್ರ ಕೂರುವ ಪ್ಲಾಸ್ಟಿಕ್ ಲೆನ್ಸನ್ನು 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ರೂಪಿಸಿದರು. ಆಗಿನ ಪ್ಲಾಸ್ಟಿಕ್ ಪಿಎಂಎಂಎ. ಅದರ ಮೂಲಕ ಆಮ್ಲಜನಕ ಹಾಯುತ್ತಲೇ ಇರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಹೊರಗಿನ ಗಾಳಿಯಿಂದ ಕಣ್ಣೀರಿನ ಮೂಲಕ ಬರಬೇಕು. ಹಾಗಾಗಿ ಹಳೆಯ ಲೆನ್ಸ್ ಹಾಕಿದವರಿಗೆ ಸಂಜೆ ಹೊತ್ತಿಗೆ ಕಣ್ಣು ಊದಿಕೊಂಡು ಮಂಜಾಗುತ್ತಿತ್ತು. 1970ರ ದಶಕದಲ್ಲಿ ಆಮ್ಲಜನಕ ಹಾಯುವ ವಸ್ತುಗಳು ಬಂದವು. ಈಗ ನಮಗೆ ಕೊಡುವುದು ಅದೇ ಜಾತಿಯ ಲೆನ್ಸ್. ಆರ್‌ಜಿಪಿ (ರಿಜಿಡ್ ಗ್ಯಾಸ್ ಪರ್ಮಿಯಬಲ್) ಅಂತಲೂ ಜಿಪಿ ಅಂತಲೂ ಕರೆಯುತ್ತಾರೆ. ಚೀಟಿಯಲ್ಲಿ ಡಿಕೆ ಅಂತ ಒಂದು ಸಂಖ್ಯೆ ಇದ್ದರೆ ಅದು ಆ ವಸ್ತುವಿನಲ್ಲಿ ಆಮ್ಲಜನಕ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬುದರ ಅಳತೆ. ನಿಮ್ಮ ಲೆನ್ಸಿನದು ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ.

ಕನ್ನಡಕದಲ್ಲಿ ಸರಿ ಕಾಣದ್ದು ಇದರಲ್ಲಿ ಹೇಗೆ ಕಾಣುತ್ತದೆ?

ನಿಜವಾದ ಕೆಲಸ ಮಾಡುವುದು ಲೆನ್ಸಿನ ಅಡಿಯ ಕಣ್ಣೀರು. ಲೆನ್ಸಿಗೂ ಕಾರ್ನಿಯಾಕ್ಕೂ ನಡುವೆ ಕಣ್ಣೀರಿನ ತೆಳು ಪದರ ತುಂಬಿಕೊಳ್ಳುತ್ತದೆ. ಗುಂಡಿ ಬಿದ್ದ ನೆಲದಲ್ಲಿ ನೀರು ನಿಂತರೆ ಮೇಲ್ಭಾಗ ಸಮವಾಗಿ ಕಾಣುತ್ತದಲ್ಲ, ಹಾಗೆಯೇ ಕಾರ್ನಿಯಾದ ಉಬ್ಬುತಗ್ಗು ಈ ಕಣ್ಣೀರಿನಲ್ಲಿ ಮುಚ್ಚಿಹೋಗುತ್ತದೆ. ಬೆಳಕಿಗೆ ಸಿಗುವುದು ಲೆನ್ಸಿನ ನುಣುಪಾದ ಮೇಲ್ಮೈ. ಅದಕ್ಕೇ ಕೆರಟೋಕೋನಸ್ ಇರುವವರಿಗೆ, ಕಾರ್ನಿಯಾ ಕಸಿ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದು ಕಲೆ ಉಳಿದವರಿಗೆ, ಆಸ್ಟಿಗ್ಮ್ಯಾಟಿಸಂ (ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿಲ್ಲದ ತೊಂದರೆ) ಜಾಸ್ತಿ ಇರುವವರಿಗೆ ಇದನ್ನು ಹೇಳುತ್ತಾರೆ.

ಒಂದು ಮಿತಿಯೂ ಇದೆ. ಕಾರ್ನಿಯಾದ ಹಿಂಬದಿಯ ವಕ್ರತೆಯನ್ನಾಗಲಿ ಒಳಗಿನ ಕಲೆಯನ್ನಾಗಲಿ ಈ ಕಣ್ಣೀರು ಮುಚ್ಚಲಾರದು. ಹಾಗಾಗಿ ಫಿಟ್ಟಿಂಗ್ ಎಷ್ಟೇ ಚೆನ್ನಾಗಿದ್ದರೂ ಕೆಲವರಿಗೆ ದೀಪದ ಸುತ್ತ ತೆಳುವಾದ ನೆರಳು ಉಳಿದುಕೊಳ್ಳುತ್ತದೆ. "ನನ್ನ ಕಣ್ಣಿಗೆ ಹೆಚ್ಚೆಂದರೆ ಎಷ್ಟು ಕಾಣಬಹುದು?" ಅಂತ ಮೊದಲೇ ಕೇಳಿಬಿಡಿ. ಆ ಉತ್ತರ ಗೊತ್ತಿದ್ದರೆ ಮುಂದೆ ಬೇಸರ ಕಡಿಮೆ.

ಸ್ಕ್ಲೆರಲ್, ಹೈಬ್ರಿಡ್, ಪಿಗ್ಗಿಬ್ಯಾಕ್ ಅಂತೆಲ್ಲ ಹೇಳುತ್ತಾರೆ. ಏನಿವು?

ಸ್ಕ್ಲೆರಲ್ ಲೆನ್ಸ್ ದೊಡ್ಡದು, ಸಾಮಾನ್ಯವಾಗಿ 15 ಮಿಲಿಮೀಟರಿಗಿಂತ ಅಗಲ. ಅದು ಕಾರ್ನಿಯಾವನ್ನು ಮುಟ್ಟದೆ ಮೇಲಿಂದ ಹಾದುಹೋಗಿ ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ. ಒಳಗೆ ಸಲೈನ್ ತುಂಬಿ ಹಾಕಬೇಕು. ಕಣ್ಣು ತುಂಬ ಒಣಗುವವರಿಗೂ ಇದನ್ನು ಕೊಡುವುದುಂಟು, ಯಾಕೆಂದರೆ ಇಡೀ ದಿನ ಕಾರ್ನಿಯಾ ದ್ರವದಲ್ಲಿ ಮುಳುಗಿರುತ್ತದೆ. ಹೈಬ್ರಿಡ್ ಲೆನ್ಸಿಗೆ ನಡುವೆ ಗಟ್ಟಿ, ಸುತ್ತ ಮೆತ್ತನೆಯ ಅಂಚು. ಪಿಗ್ಗಿಬ್ಯಾಕ್ ಅಂದರೆ ಕೆಳಗೆ ಒಂದು ಸಾಫ್ಟ್ ಲೆನ್ಸ್, ಅದರ ಮೇಲೆ ಗಟ್ಟಿ ಲೆನ್ಸ್. ಚುಚ್ಚುವುದು ತಡೆಯಲು ಆಗದವರಿಗೆ ಒಂದು ದಾರಿ.

ಸ್ಕ್ಲೆರಲ್ ಹೊಸದು, ಹಾಗಾಗಿ ಅದೇ ಮೇಲು ಅಂತ ಅನೇಕರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕ್ಕ ಲೆನ್ಸ್ ಆರಾಮವಾಗಿ ಕೂತು ಚೆನ್ನಾಗಿ ಕಾಣುತ್ತಿದ್ದರೆ ಅದನ್ನು ಬಿಡುವ ಅಗತ್ಯವೇ ಇಲ್ಲ. ಹಾಕಲು ತೆಗೆಯಲು ಅದು ಎಷ್ಟೋ ಸುಲಭ.

ಯಾರ ಹತ್ತಿರ ಹೋಗಬೇಕು?

ನೇತ್ರತಜ್ಞರು ವೈದ್ಯರು. ರೋಗ ಪತ್ತೆ, ಔಷಧಿ, ಆಪರೇಷನ್ ಅವರ ಕೆಲಸ. ಅವರಲ್ಲೇ ಕಾರ್ನಿಯಾ ತಜ್ಞರು ಅಂತ ಬೇರೆ ಇರುತ್ತಾರೆ. ಆಪ್ಟೊಮೆಟ್ರಿಸ್ಟ್ ಕಣ್ಣಿನ ಪವರ್ ನೋಡಿ ಲೆನ್ಸ್ ಅಳತೆ ಮಾಡಿ ಕೂರಿಸುವವರು. ಗಟ್ಟಿ ಲೆನ್ಸಿನಲ್ಲಿ ದಿನನಿತ್ಯ ಕೈಯಾಡಿಸುವವರು ಹೆಚ್ಚಾಗಿ ಇವರೇ. ಆದರೆ ಎಲ್ಲ ಆಪ್ಟೊಮೆಟ್ರಿಸ್ಟರಿಗೂ ಗಟ್ಟಿ ಲೆನ್ಸಿನ ಅನುಭವ ಇರುವುದಿಲ್ಲ. "ನನ್ನಂಥ ಕಾರ್ನಿಯಾ ಇರುವವರಿಗೆ ನೀವು ಲೆನ್ಸ್ ಕೂರಿಸುತ್ತೀರಾ? ಕಾರ್ನಿಯಾದ ನಕ್ಷೆ ತೆಗೆಯುವ ಟೊಪೋಗ್ರಫಿ ಇದೆಯಾ? ಟ್ರಯಲ್ ಲೆನ್ಸ್ ಸೆಟ್ ಇದೆಯಾ?" ಈ ಮೂರನ್ನು ಫೋನಿನಲ್ಲೇ ಕೇಳಿ. ಇದು ಧಾರ್ಷ್ಟ್ಯ ಅಲ್ಲ. ಒಳ್ಳೆಯ ತಜ್ಞರು ಖುಷಿಯಿಂದಲೇ ಉತ್ತರಿಸುತ್ತಾರೆ.

ನಿಮಗೆ ಇಬ್ಬರೂ ಬೇಕು. ಲೆನ್ಸ್ ಸರಿ ಕೂತಿದೆಯೇ ಅಂತ ಒಬ್ಬರು, ಕಣ್ಣಿನ ಆರೋಗ್ಯ ಹೇಗಿದೆ ಅಂತ ಇನ್ನೊಬ್ಬರು ನೋಡಬೇಕು.

ಫಿಟ್ಟಿಂಗ್ ದಿನ ಏನೇನು ಮಾಡುತ್ತಾರೆ? ಹಳೆ ಲೆನ್ಸ್ ತೆಗೆದಿಡಬೇಕಾ?

ಹೌದು, ತೆಗೆದಿಡಬೇಕು. ಎಷ್ಟು ದಿನ ಅಂತ ಫೋನ್ ಮಾಡಿ ಕೇಳಿ. ಗಟ್ಟಿ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಿಸಿರುತ್ತದೆ. ಅದು ಮೊದಲಿನಂತಾಗಲು ಕೆಲವು ದಿನದಿಂದ ಕೆಲವು ವಾರದವರೆಗೆ ಬೇಕಾಗಬಹುದು. ಬರೀ ಲೆನ್ಸ್ ತಪಾಸಣೆಗೆ ಇಷ್ಟು ಕಾಯಿಸುವುದಿಲ್ಲ. ಲೇಸರ್ ಚಿಕಿತ್ಸೆಗೋ ಕಣ್ಣಿನ ಪೊರೆ ಆಪರೇಷನ್ನಿಗೋ ಅಳತೆ ತೆಗೆಯುವಾಗ ಮಾತ್ರ ತುಂಬ ಕಟ್ಟುನಿಟ್ಟು. ಅಲ್ಲಿ ಅಳತೆ ತಪ್ಪಿದರೆ ಫಲಿತಾಂಶವೇ ತಪ್ಪುತ್ತದೆ.

ಆ ದಿನ ಮೊದಲು ಕಾರ್ನಿಯಾದ ವಕ್ರತೆ ಅಳೆಯುತ್ತಾರೆ. ಸಾಮಾನ್ಯ ಕಣ್ಣಿನಲ್ಲಿ ಅದರ ತ್ರಿಜ್ಯ ಸುಮಾರು 7.8 ಮಿಲಿಮೀಟರ್. ಕೆರಟೋಕೋನಸ್‌ನಲ್ಲಿ ಇನ್ನೂ ಕಡಿಮೆ. ಆಮೇಲೆ ಟ್ರಯಲ್ ಲೆನ್ಸ್ ಹಾಕಿ ಫ್ಲೋರೆಸೀನ್ ಎಂಬ ಬಣ್ಣ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಕಣ್ಣೀರು ಜಾಸ್ತಿ ನಿಂತ ಕಡೆ ಹಸಿರಾಗಿ ಹೊಳೆಯುತ್ತದೆ, ಲೆನ್ಸ್ ಮುಟ್ಟಿದ ಕಡೆ ಕಪ್ಪಾಗಿ ಕಾಣುತ್ತದೆ. ರೆಪ್ಪೆ ಬಡಿದಾಗ ಲೆನ್ಸ್ ಎಷ್ಟು ಜರುಗುತ್ತದೆ ಅಂತಲೂ ನೋಡುತ್ತಾರೆ. ಚಿಕ್ಕ ಗಟ್ಟಿ ಲೆನ್ಸ್ ಒಂದೆರಡು ಮಿಲಿಮೀಟರ್ ಜರುಗಲೇಬೇಕು. ಜರುಗದಿದ್ದರೆ ಅಡಿಯ ಹಳೆಯ ಕಣ್ಣೀರು ಹೊರಹೋಗಿ ಹೊಸದು ಬರುವುದಿಲ್ಲ.

ಈ ಹಸಿರು ಚಿತ್ರವನ್ನು ನಿಮಗೂ ತೋರಿಸಲು ಕೇಳಿ. ಎಷ್ಟೋ ಯಂತ್ರಗಳಲ್ಲಿ ಫೋಟೋ ತೆಗೆಯಬಹುದು. ನಿಮ್ಮ ಲೆನ್ಸ್ ಎಲ್ಲಿ ಒತ್ತುತ್ತಿದೆ ಅಂತ ಕಣ್ಣಾರೆ ಕಂಡರೆ ಮುಂದಿನ ಮಾತುಕತೆಯೆಲ್ಲ ಸುಲಭ.

ಎರಡು ಮೂರು ಸಲ ಲೆನ್ಸ್ ಬದಲಾಯಿಸಿದರು. ಅವರಿಗೆ ಕೆಲಸ ಬರುವುದಿಲ್ಲವೇ?

ಹಾಗೇನಿಲ್ಲ. ಲೆನ್ಸಿನ ವಕ್ರತೆಯಲ್ಲಿ 0.05 ಮಿಲಿಮೀಟರ್ ಬದಲಾದರೆ ಅಡಿಯ ಕಣ್ಣೀರಿನ ಪವರ್ ಸುಮಾರು ಕಾಲು ಡಯಾಪ್ಟರ್ (ಪವರ್ ಅಳೆಯುವ ಮಾನ) ಬದಲಾಗುತ್ತದೆ. ಇಷ್ಟು ಸೂಕ್ಷ್ಮದ ಕೆಲಸ ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಅದರಲ್ಲೂ ಕಾರ್ನಿಯಾ ಉಬ್ಬುತಗ್ಗಾಗಿದ್ದರೆ ಬದಲಾವಣೆ ಆಗಿಯೇ ಆಗುತ್ತದೆ. ಇಲ್ಲಿ ಕೇಳಬೇಕಾದ್ದು ಎರಡು. ಈ ಸಲ ಏನು ಬದಲಿಸಿದಿರಿ? ಯಾಕೆ? ಜೊತೆಗೆ ಲೆನ್ಸ್ ಬದಲಾವಣೆ ಎಷ್ಟು ದಿನದೊಳಗೆ, ಎಷ್ಟು ಸಲ ಮೊದಲ ಶುಲ್ಕದಲ್ಲೇ ಸೇರಿದೆ ಅಂತ ಆರ್ಡರ್ ಮಾಡುವ ಮೊದಲೇ ತಿಳಿದುಕೊಳ್ಳಿ.

ಅಭ್ಯಾಸ ಆಗಲು ಎಷ್ಟು ದಿನ ಬೇಕು?

ಬಹಳ ಜನರಿಗೆ ಎರಡರಿಂದ ನಾಲ್ಕು ವಾರ. ಮೊದಲ ದಿನ ಕೆಲವೇ ಗಂಟೆ ಹಾಕಿ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತಾ ಹೋಗುವುದು ಸಾಮಾನ್ಯ ಕ್ರಮ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಸರಿ. ಚುಚ್ಚುವ ಭಾವನೆ ಹೆಚ್ಚಾಗಿ ಬರುವುದು ಲೆನ್ಸಿನ ಅಂಚು ರೆಪ್ಪೆಗೆ ತಾಗುವುದರಿಂದ. ಕೆಳಗೆ ನೋಡಿದಾಗ ಅದು ಕಡಿಮೆಯಾಗುತ್ತದೆ.

ಮಧ್ಯೆ ಕೆಲವು ದಿನ ಬಿಟ್ಟರೆ ಮತ್ತೆ ಕಡಿಮೆ ಗಂಟೆಯಿಂದ ಶುರು ಮಾಡಬೇಕು. ಒಂದು ವ್ಯತ್ಯಾಸ ನೆನಪಿಡಿ. ಅಭ್ಯಾಸವಾಗುವ ತೊಂದರೆ ದಿನದಿಂದ ದಿನಕ್ಕೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಏರುವುದು ಅಭ್ಯಾಸದ ತೊಂದರೆ ಅಲ್ಲ. ಅದನ್ನು ಸಹಿಸಿಕೊಂಡು ಕೂರಬೇಡಿ.

"ಡಾಕ್ಟ್ರೇ, ಸರಿಯಾಗಿ ಕಾಣ್ತಿಲ್ಲ" ಅಂದರೆ ಸಾಕಲ್ವಾ?

ಸಾಲದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. "ಸರಿಯಾಗಿ ಕಾಣ್ತಿಲ್ಲ" ಎಂಬ ಮಾತಿಗೆ ಹತ್ತು ಕಾರಣ ಇರಬಹುದು. ಯಾವ ಕಣ್ಣು, ದಿನದ ಯಾವ ಹೊತ್ತು, ಹಾಕಿ ಎಷ್ಟು ಹೊತ್ತಾದ ಮೇಲೆ, ರೆಪ್ಪೆ ಬಡಿದರೆ ಏನಾಗುತ್ತದೆ, ತೆಗೆದರೆ ಹೋಗುತ್ತದೆಯೇ, ಇಷ್ಟು ಹೇಳಿದರೆ ಹತ್ತು ಕಾರಣ ಎರಡಕ್ಕೆ ಇಳಿಯುತ್ತವೆ.

ಹಾಕಿದ ಕೂಡಲೇ ಮಂಜಾಗಿದ್ದರೆ ಮೊದಲ ಅನುಮಾನ ಎಡಬಲ ಅದಲುಬದಲಾಗಿರುವುದು. ಸ್ಕ್ಲೆರಲ್ ಆದರೆ ಒಳಗೆ ಗಾಳಿಗುಳ್ಳೆ ಸೇರಿರುವುದು. ಅದೂ ಅಲ್ಲದಿದ್ದರೆ ಪವರ್ ಬದಲಾಗಿರಬಹುದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಮಂಜಾದರೆ ಲೆನ್ಸಿನ ಮೇಲೆ ಕೊಳೆ ಕಟ್ಟುವುದು, ಕಣ್ಣು ಒಣಗುವುದು, ಆಮ್ಲಜನಕ ಸಾಲದೆ ಕಾರ್ನಿಯಾ ಊದುವುದು, ಇಂಥವನ್ನು ನೋಡುತ್ತಾರೆ.

ರೆಪ್ಪೆಯ ವಿಷಯ ಬಹಳ ಜನ ಹೇಳುವುದೇ ಇಲ್ಲ. ರೆಪ್ಪೆ ಬಡಿದ ಕೂಡಲೇ ಸ್ಪಷ್ಟವಾಗಿ, ಎರಡು ಮೂರು ಸೆಕೆಂಡಿಗೆ ಮತ್ತೆ ಮಂಜಾದರೆ ಲೆನ್ಸಿನ ಮೇಲ್ಮೈ ಬೇಗ ಒಣಗುತ್ತಿದೆ ಅಂತ ಅರ್ಥ ಇರಬಹುದು. ಅದೇ ಬಡಿದಾಗ ಮಂಜಾಗಿ, ಆಮೇಲೆ ಸ್ಪಷ್ಟವಾದರೆ ಲೆನ್ಸ್ ಬೇಕಾದ್ದಕ್ಕಿಂತ ಜಾಸ್ತಿ ಜರುಗುತ್ತಿರಬಹುದು. ಕೇಳಲು ಎರಡೂ ಒಂದೇ ಥರ ಇವೆ, ಪರಿಹಾರ ಮಾತ್ರ ಪೂರ್ತಿ ಬೇರೆ.

ರಾತ್ರಿ ಮಾತ್ರ ದೀಪಕ್ಕೆ ಬಾಲ ಬಂದರೆ ಅದನ್ನೂ ಹೇಳಿ. ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಲೆನ್ಸ್ ಒಂದು ಬದಿಗೆ ಜಾರಿ ಕೂತಿದ್ದರೆ, ಇಲ್ಲವೇ ಅದರ ಪವರ್ ಇರುವ ನಡುಭಾಗ ಚಿಕ್ಕದಾಗಿದ್ದರೆ ಅಂಚಿನ ಬೆಳಕು ಒಳಗೆ ಬರುತ್ತದೆ. ಬಾಲ ಯಾವ ದಿಕ್ಕಿಗಿದೆ ಅಂತ ಒಂದು ಚಿತ್ರ ಬರೆದು ಒಯ್ಯಿರಿ. ತುಂಬ ಉಪಯೋಗಕ್ಕೆ ಬರುತ್ತದೆ.

ಕೆಂಪಿನಲ್ಲೂ ಬಗೆಯಿದೆ. ಕರಿಗುಡ್ಡೆಯ ಎಡಬಲಕ್ಕೆ ಮಾತ್ರ, ಮೂಗಿನ ಕಡೆ ಮತ್ತು ಕಿವಿಯ ಕಡೆ ಕೆಂಪಾದರೆ ಲೆನ್ಸಿನ ಅಂಚಿನ ಪಕ್ಕ ಕಣ್ಣು ಒಣಗುತ್ತಿರಬಹುದು. ಅರೆಬರೆ ರೆಪ್ಪೆ ಬಡಿಯುವವರಲ್ಲಿ, ಸ್ಕ್ರೀನ್ ನೋಡುತ್ತಾ ಕೂರುವವರಲ್ಲಿ ಇದು ಜಾಸ್ತಿ. ಸ್ಕ್ಲೆರಲ್ ತೆಗೆದ ಮೇಲೆ ಬಿಳಿಭಾಗದಲ್ಲಿ ಉಂಗುರದ ಗುರುತು ಆಳವಾಗಿ ಉಳಿದರೆ ಲೆನ್ಸ್ ಬಿಗಿಯಾಗಿರಬಹುದು. ಹಾಕಿದ್ದಾಗ ಏನೂ ಇಲ್ಲದೆ, ತೆಗೆದ ಮೇಲೆ ನೋವು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವತ್ತೇ ಡಾಕ್ಟರಿಗೆ ತಿಳಿಸಿ.

ಇವೆಲ್ಲ ನೀವೇ ರೋಗ ಕಂಡುಹಿಡಿಯಲು ಅಲ್ಲ. ಡಾಕ್ಟರು ಎಲ್ಲಿ ನೋಡಬೇಕು ಅಂತ ಬೇಗ ತಿಳಿಯಲಿ ಅಂತ.

ಫಾಲೋ-ಅಪ್‌ಗೆ ಲೆನ್ಸ್ ಹಾಕಿಕೊಂಡೇ ಹೋಗಬೇಕಾ?

ಬೇರೆ ಹೇಳಿರದಿದ್ದರೆ ಹಾಕಿಕೊಂಡೇ ಹೋಗಿ. ಮೂರು ನಾಲ್ಕು ಗಂಟೆಯಾದರೂ ಆಗಿರಲಿ. ಸ್ಕ್ಲೆರಲ್ ಲೆನ್ಸ್ ಹಾಕಿದ ಮೇಲೆ ಕೆಲವು ಗಂಟೆ ನಿಧಾನವಾಗಿ ಕೆಳಗೆ ಕೂರುತ್ತಾ ಹೋಗುತ್ತದೆ. ಆಗ ತಾನೇ ಹಾಕಿದ್ದನ್ನು ನೋಡಿದರೆ ಲೆನ್ಸಿಗೂ ಕಾರ್ನಿಯಾಕ್ಕೂ ನಡುವಿನ ಸರಿಯಾದ ಅಂತರ ಗೊತ್ತಾಗುವುದಿಲ್ಲ. ಸೊಲ್ಯೂಷನ್, ಡಬ್ಬಿ, ಹಳೆಯ ಕನ್ನಡಕ, ಹಾಕುತ್ತಿರುವ ಡ್ರಾಪ್ಸ್ ಎಲ್ಲ ಜೊತೆಗಿರಲಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಲೆನ್ಸ್ ಹಾಕಬೇಡಿ, ಕೈಯಲ್ಲಿ ಒಯ್ಯಿರಿ.

ಡಾಕ್ಟರಿಗೆ ಸಮಯವೇ ಇರುವುದಿಲ್ಲ. ಕೇಳುವುದು ಹೇಗೆ?

ಮೂರೇ ಪ್ರಶ್ನೆ ಬರೆದುಕೊಂಡು ಹೋಗಿ, ಮುಖ್ಯವಾದದ್ದು ಮೇಲೆ. ಒಳಗೆ ಹೋದ ಕೂಡಲೇ "ಮೂರು ಪ್ರಶ್ನೆ ಇದೆ" ಅಂತ ಹೇಳಿಬಿಡಿ. ಕೊನೆಗೆ ಎದ್ದು ನಿಂತಾಗ ಕೇಳಿದರೆ ಅರ್ಧ ಉತ್ತರವೇ ಸಿಗುವುದು. ಅರ್ಥವಾಗದ ಪದ ಬಂದರೆ ತಲೆಯಾಡಿಸಬೇಡಿ. "ಅಂದರೆ ಏನು?" ಅಂತ ಅಲ್ಲೇ ಕೇಳಿ. ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯಾ ಅಂತ ಕೇಳುವುದು ಒಳ್ಳೆಯದು. ಡ್ರಾಪ್ಸ್ ವಿಷಯದಲ್ಲಂತೂ ಲೆನ್ಸ್ ಹಾಕಿರುವಾಗ ಬಿಡಬಹುದೇ, ತೆಗೆದ ಮೇಲೆ ಬಿಡಬೇಕೇ, ಎಷ್ಟು ದಿನ, ಇದನ್ನು ಕೇಳದೆ ಹೊರಗೆ ಬರಬೇಡಿ.

ಎಲ್ಲವನ್ನೂ ಡಾಕ್ಟರ ಹತ್ತಿರವೇ ಕೇಳಬೇಕಿಲ್ಲ. ಲೆನ್ಸ್ ಹಾಕುವುದು, ತೆಗೆಯುವುದು, ತೊಳೆಯುವುದು, ಇವನ್ನು ಹೇಳಿಕೊಡುವ ಸಿಬ್ಬಂದಿಗೆ ಆ ಕೈಚಳಕ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ನಲ್ಲಿ ನೀರಿನಲ್ಲಿ ತೊಳೆದರೆ ಏನಾಗುತ್ತದೆ? ಹಿಂದೆ ಎಲ್ಲರೂ ಹಾಗೇ ಮಾಡುತ್ತಿದ್ದರಲ್ಲ?

ನಿಜ, ಗಟ್ಟಿ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ ಅಂತ ಒಂದು ಕಾಲದಲ್ಲಿ ಹೇಳಿಕೊಡುತ್ತಿದ್ದರು. ಈಗ ಬೇಡವೇ ಬೇಡ ಅನ್ನುತ್ತಾರೆ. ಕಾರಣ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ. ಅದು ನಲ್ಲಿ ನೀರು, ಬಾವಿ ನೀರು, ಈಜುಕೊಳ, ಮಣ್ಣು ಎಲ್ಲ ಕಡೆ ಇರುತ್ತದೆ. ಕಷ್ಟ ಬಂದಾಗ ಗಟ್ಟಿ ಕೋಶ ಕಟ್ಟಿಕೊಂಡು ಕ್ಲೋರಿನ್ ನೀರಿನಲ್ಲೂ ಬದುಕುತ್ತದೆ. ಕಾರ್ನಿಯಾಕ್ಕೆ ಹತ್ತಿದರೆ ವಿಪರೀತ ನೋವು, ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವೊಮ್ಮೆ ದೃಷ್ಟಿಯೇ ಹೋಗಬಹುದು. ಇದು ಅಪರೂಪದ ಸೋಂಕು. ಆದರೆ ಮುಂದುವರಿದ ದೇಶಗಳಲ್ಲಿ ಇದು ಬಂದವರಲ್ಲಿ ಬಹುಪಾಲು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರೇ.

ಕುದಿಸಿ ಆರಿಸಿದ ನೀರು, ಬಾಟಲಿ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಎಂಜಲಂತೂ ಬೇಡವೇ ಬೇಡ. ತೊಳೆಯಲು ಸ್ಟೆರೈಲ್ ಸಲೈನ್ ಅಥವಾ ಡಾಕ್ಟರು ಹೇಳಿದ ಸೊಲ್ಯೂಷನ್. ಸೋಪಿನಿಂದ ಕೈ ತೊಳೆದ ಮೇಲೆ ಪೂರ್ತಿ ಒರೆಸಿ ಒಣಗಿಸಿಯೇ ಲೆನ್ಸ್ ಮುಟ್ಟಿ. ಒದ್ದೆ ಬೆರಳಿನಲ್ಲಿ ಇರುವುದೂ ಅದೇ ನೀರು. ಲೆನ್ಸ್ ಡಬ್ಬಿಯನ್ನೂ ನಲ್ಲಿಯಲ್ಲಿ ತೊಳೆಯಬೇಡಿ. ಸೊಲ್ಯೂಷನ್ನಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ, ಮೂರು ತಿಂಗಳೊಳಗೆ ಹೊಸದು ತನ್ನಿ. ಲೆನ್ಸ್ ತೆಗೆಯುವ ರಬ್ಬರ್ ಸಾಧನಕ್ಕೂ ಇದೇ ನಿಯಮ.

ಯಾವ ಸೊಲ್ಯೂಷನ್ ಬೇಕಾದರೂ ಆಗುತ್ತದೆಯೇ?

ಇಲ್ಲ. ಬಾಟಲಿಯ ಮೇಲೆ ಗಟ್ಟಿ ಲೆನ್ಸಿಗೆ ಅಂತ ಬರೆದಿರಬೇಕು. ಉಜ್ಜಿ ತೊಳೆಯುವ ಕ್ಲೀನರ್ ಬೇರೆ, ನೆನೆಸಿಡುವ ಕಂಡೀಷನಿಂಗ್ ದ್ರವ ಬೇರೆ ಇರುವುದುಂಟು. ಕ್ಲೀನರ್ ಕಣ್ಣಿಗೆ ಹೋದರೆ ಉರಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದಾದರೆ ಅದರ ಜೊತೆಗೇ ಬರುವ ವಿಶೇಷ ಡಬ್ಬಿಯಲ್ಲಿ, ಹೇಳಿದಷ್ಟು ಹೊತ್ತು ಇಡಲೇಬೇಕು. ಸಾಮಾನ್ಯವಾಗಿ 6 ಗಂಟೆ. ಅದಕ್ಕಿಂತ ಮೊದಲು ತೆಗೆದು ಹಾಕಿದರೆ ಕಣ್ಣು ಸುಡುತ್ತದೆ. ಹಳೆಯ ದ್ರವದ ಮೇಲೆ ಹೊಸದು ಸುರಿಯಬೇಡಿ, ದಿನಾ ಚೆಲ್ಲಿ ತುಂಬಿ.

ನಿಮ್ಮ ಲೆನ್ಸಿಗೆ ವಿಶೇಷ ಲೇಪನ ಇದೆಯೇ ಅಂತ ಕೇಳಿ. ಇದ್ದರೆ ಕೆಲವು ಕ್ಲೀನರ್‌ಗಳು ಆ ಲೇಪನವನ್ನೇ ಕಿತ್ತುಬಿಡುತ್ತವೆ.

ಲೆನ್ಸ್ ಬಿಳಿಭಾಗಕ್ಕೆ ಸರಿದುಹೋಯಿತು. ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದೆಯೇ?

ಹೋಗುವುದಿಲ್ಲ. ರೆಪ್ಪೆಯ ಒಳಪದರ ಮಡಚಿ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತದೆ, ಹಿಂದಕ್ಕೆ ದಾರಿಯೇ ಇಲ್ಲ. ಗಾಬರಿಯಲ್ಲಿ ಕಣ್ಣು ಉಜ್ಜಬೇಡಿ. ಲೆನ್ಸಿಗೆ ಹೊಂದುವ ಲೂಬ್ರಿಕೇಟಿಂಗ್ ಡ್ರಾಪ್ಸ್ ಧಾರಾಳವಾಗಿ ಬಿಡಿ. ಕನ್ನಡಿಯಲ್ಲಿ ಲೆನ್ಸ್ ಎಲ್ಲಿದೆ ಅಂತ ನೋಡಿ, ರೆಪ್ಪೆಯ ಅಂಚಿನಿಂದ ಮೆಲ್ಲಗೆ ತಳ್ಳಿ. ರಬ್ಬರ್ ಸಾಧನ ಬಳಸುವವರು ಲೆನ್ಸ್ ಕಾಣುತ್ತಿದ್ದರೆ ಮಾತ್ರ ಬಳಸಬೇಕು. ಬರಿಯ ಕಾರ್ನಿಯಾಕ್ಕೆ ಅಂಟಿಸಿ ಎಳೆದರೆ ಗಾಯವಾಗುತ್ತದೆ. ಸ್ಕ್ಲೆರಲ್ ತೆಗೆಯುವಾಗ ಅದನ್ನು ನಡುವೆ ಅಂಟಿಸದೆ ಅಂಚಿನ ಹತ್ತಿರ ಅಂಟಿಸಿ ಓರೆಯಾಗಿ ಎತ್ತಬೇಕು. ಆಗ ಒಳಗಿನ ಹಿಡಿತ ಬಿಡುತ್ತದೆ.

ಹಾಕಿಕೊಂಡು ಮಲಗಬಹುದೇ? ಈಜಬಹುದೇ?

ಎರಡೂ ಬೇಡ. ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ತಿದ್ದಲು ರಾತ್ರಿಯೇ ಹಾಕಿ ಮಲಗುವ ಆರ್ಥೊ-ಕೆ ಲೆನ್ಸ್ ಬೇರೆ, ಅದನ್ನು ಅದಕ್ಕಾಗಿಯೇ ಮಾಡಿರುತ್ತಾರೆ. ಸ್ನಾನವನ್ನೂ ಲೆನ್ಸ್ ಹಾಕುವ ಮೊದಲೇ ಮುಗಿಸಿ.

ಯಾವಾಗ ಕೂಡಲೇ ಡಾಕ್ಟರ ಹತ್ತಿರ ಓಡಬೇಕು?

ಕಣ್ಣು ಕೆಂಪಾಗಿ ನೋಯುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗಿ ಲೆನ್ಸ್ ತೆಗೆದರೂ ಹಾಗೇ ಇರುವುದು, ಗೀಜು ಬರುವುದು, ಕಾರ್ನಿಯಾದ ಮೇಲೆ ಬಿಳಿ ಚುಕ್ಕೆ ಕಾಣುವುದು. ಇದರಲ್ಲಿ ಒಂದಿದ್ದರೂ ಲೆನ್ಸ್ ತೆಗೆದು ಅದೇ ದಿನ ತೋರಿಸಿ. "ನಾಳೆ ನೋಡೋಣ" ಬೇಡ. ಕೆಲವು ಬ್ಯಾಕ್ಟೀರಿಯಾ ಸೋಂಕು ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ತಿಂದುಹಾಕುತ್ತದೆ.

ಲೆನ್ಸನ್ನೂ ಡಬ್ಬಿಯನ್ನೂ ಎಸೆಯಬೇಡಿ, ತೊಳೆಯಲೂಬೇಡಿ. ಯಾವ ಜೀವಿ ಅಂತ ಅದರಿಂದಲೇ ಪರೀಕ್ಷೆ ಮಾಡಬಹುದು. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದ ಹಾಗೆ ಕಂಡು ಒಳಗೆ ಸೋಂಕು ಬೆಳೆಯುತ್ತದೆ. ಮತ್ತೆ ಅಲ್ಲಿ ಹೋದಾಗ "ನಾನು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ" ಎಂಬುದು ನಿಮ್ಮ ಮೊದಲ ಮಾತಾಗಿರಲಿ. ನೀರು ತಾಗಿದ್ದರೆ ಅದನ್ನೂ ಹೇಳಿ. ಸುಮ್ನೆ "ಕಣ್ಣು ಕೆಂಪಾಗಿದೆ" ಅಂದರೆ ಮಾಮೂಲಿ ಕಣ್ಣು ಬೇನೆ ಅಂತ ತಿಳಿಯುವ ಸಾಧ್ಯತೆ ಇದೆ.

ಸ್ಕ್ಲೆರಲ್ ಹಾಕಿದ ಕೆಲವು ಗಂಟೆಗೆ ಮಂಜು ತುಂಬುತ್ತದೆ. ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ಯಾಕೆ?

ಲೆನ್ಸಿನ ಒಳಗಿನ ದ್ರವದಲ್ಲಿ ಕಣ್ಣೀರಿನ ಕಸ ಸೇರಿಕೊಳ್ಳುತ್ತದೆ. ಇದು ಬಹಳ ಜನರಿಗಿರುವ ತೊಂದರೆ. ತೆಗೆದು, ಹೊಸ ಸಲೈನ್ ತುಂಬಿ ಹಾಕುವುದು ತಾತ್ಕಾಲಿಕ ಉಪಾಯ. ಆ ಸಲೈನ್ ಪ್ರಿಸರ್ವೇಟಿವ್ ಇಲ್ಲದ್ದೇ ಆಗಿರಬೇಕು, ಇಡೀ ದಿನ ಕಾರ್ನಿಯಾಕ್ಕೆ ತಾಗಿಕೊಂಡೇ ಇರುತ್ತದಲ್ಲ. ದಿನಾ ಹೀಗಾದರೆ ಲೆನ್ಸಿನ ಅಂಚು ಸಡಿಲವಿದೆಯೇ, ಒಳಗಿನ ಅಂತರ ಜಾಸ್ತಿಯಾಗಿದೆಯೇ, ರೆಪ್ಪೆಯಂಚಿನ ಗ್ರಂಥಿಗಳಲ್ಲಿ ಉರಿಯೂತ ಇದೆಯೇ ಅಂತ ಕೇಳಿ.

ಗಟ್ಟಿ ಲೆನ್ಸ್ ಹಾಕಿದರೆ ಕೆರಟೋಕೋನಸ್ ನಿಲ್ಲುತ್ತದೆಯೇ?

ಇಲ್ಲ. ಲೆನ್ಸ್ ನಿಮಗೆ ಚೆನ್ನಾಗಿ ಕಾಣುವಂತೆ ಮಾಡುತ್ತದೆ, ರೋಗವನ್ನು ತಡೆಯುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಹುಡುಗ ಹುಡುಗಿಯರು ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತಿದೆ ಅಂತ ತಪಾಸಣೆ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ರೋಗ ಮುಂದುವರಿಯುವುದನ್ನು ತಡೆಯಲು ಇರುವುದು ಕ್ರಾಸ್‌ಲಿಂಕಿಂಗ್. ರೈಬೋಫ್ಲೇವಿನ್ ಡ್ರಾಪ್ಸ್ ಹಾಕಿ ನೇರಳಾತೀತ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿ ಮಾಡುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದನ್ನು ರೂಪಿಸಿದರು, ರೋಗಿಗಳ ಮೇಲಿನ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅದಾದ ಮೇಲೂ ಲೆನ್ಸ್ ಬೇಕಾಗುವುದೇ ಹೆಚ್ಚು.

ಡಾಕ್ಟರ ಹತ್ತಿರ ಕೇಳಬೇಕಾದ್ದು: "ಹಿಂದಿನ ಟೊಪೋಗ್ರಫಿಗೂ ಈಗಿನದಕ್ಕೂ ವ್ಯತ್ಯಾಸ ಇದೆಯಾ? ಕಾರ್ನಿಯಾ ದಪ್ಪ ಎಷ್ಟಿದೆ? ನನಗೆ ಕ್ರಾಸ್‌ಲಿಂಕಿಂಗ್ ಬೇಕಾ, ಬೇಡವಾ, ಯಾಕೆ?" ಇನ್ನೊಂದು ಮಾತು, ಕಣ್ಣು ಉಜ್ಜುವುದನ್ನು ಬಿಡಿ. ಅಲರ್ಜಿಯಿಂದ ತುರಿಕೆ ಇದ್ದರೆ ಅದಕ್ಕೆ ಔಷಧಿ ಕೇಳಿ. ತುರಿಕೆ ತಡೆದುಕೊಳ್ಳಿ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರಿಗೂ ಆಗುವುದಿಲ್ಲ.

ಬೇರೆ ಔಷಧಿ, ಮೇಕಪ್ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಬೇಕಾ?

ಹೇಳಿ. ಅಲರ್ಜಿ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕಣ್ಣು ಒಣಗಿಸುತ್ತವೆ. ಗರ್ಭಿಣಿಯರಲ್ಲೂ ಲೆನ್ಸ್ ಹೊಂದಾಣಿಕೆ ಬದಲಾಗಬಹುದು. ಲೆನ್ಸ್ ಹಾಕಿದ ಮೇಲೆ ಮೇಕಪ್, ಲೆನ್ಸ್ ತೆಗೆದ ಮೇಲೆ ಮೇಕಪ್ ಒರೆಸುವುದು. ಕಾಡಿಗೆಯನ್ನು ರೆಪ್ಪೆಯ ಒಳಅಂಚಿಗೆ ಹಚ್ಚಬೇಡಿ. ಕೈಗೆ ಕ್ರೀಮ್ ಹಚ್ಚುವುದಿದ್ದರೆ ಲೆನ್ಸ್ ಹಾಕಿ ಮುಗಿದ ಮೇಲೆ ಹಚ್ಚಿ.

ಒಂದು ಜೊತೆ ಎಷ್ಟು ವರ್ಷ ಬರುತ್ತದೆ?

ಒಂದರಿಂದ ಎರಡು ವರ್ಷ ಅಂತ ಇಟ್ಟುಕೊಳ್ಳಿ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಸ್ವಲ್ಪ ಬರಬಹುದು. ಮೇಲೆ ಗೀರು ಬಿದ್ದರೆ, ಅಂಚು ಮುಕ್ಕಾದರೆ, ಉಜ್ಜಿದರೂ ಕೊಳೆ ಹೋಗದಿದ್ದರೆ ಅವಧಿ ಮುಗಿಯಿತು. ಮುಕ್ಕಾದ ಲೆನ್ಸನ್ನು ಒಂದು ದಿನವೂ ಹಾಕಬೇಡಿ. ಎಡಬಲ ತಪ್ಪದಿರಲು ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿ. ಎರಡಕ್ಕೂ ಬೇರೆ ಬೇರೆ ಬಣ್ಣ, ಇಲ್ಲವೇ ಒಂದಕ್ಕೆ ಚುಕ್ಕೆ ಹಾಕಿಸಿಕೊಡಿ ಅಂತ ಆರ್ಡರ್ ಮಾಡುವಾಗಲೇ ಹೇಳಬಹುದು. ತೊಳೆಯುವ ಮೊದಲು ಸಿಂಕಿನ ತೂತು ಮುಚ್ಚಿ.

ಹಳೆಯ ಜೊತೆ ಇನ್ನೂ ಹೊಂದುತ್ತಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಹೊಸದು ಕಳೆದರೆ ಆರ್ಡರ್ ಬರುವವರೆಗೆ ಬೇಕಾಗುತ್ತದೆ. ಹಾಕುವ ಮೊದಲು ಚೆನ್ನಾಗಿ ಸೋಂಕುಮುಕ್ತ ಮಾಡಿ.

ನಲವತ್ತು ದಾಟಿದೆ, ಲೆನ್ಸಿನಲ್ಲಿ ಓದಲು ಆಗುತ್ತಿಲ್ಲ. ಲೆನ್ಸ್ ಕೆಟ್ಟಿದೆಯೇ?

ಇರಲಾರದು. ವಯಸ್ಸಿಗೆ ಬರುವ ಚಾಳೀಸು ಲೆನ್ಸ್ ಹಾಕುವವರಿಗೂ ಬರುತ್ತದೆ. ಲೆನ್ಸಿನ ಮೇಲೆ ಓದುವ ಕನ್ನಡಕ ಹಾಕುವುದು ಸುಲಭದ ದಾರಿ. ದೂರ, ಹತ್ತಿರ ಎರಡಕ್ಕೂ ಆಗುವ ಗಟ್ಟಿ ಲೆನ್ಸೂ ಇವೆ. ಕಾರ್ನಿಯಾ ತುಂಬ ಉಬ್ಬುತಗ್ಗಾಗಿದ್ದರೆ ಅವು ಎಲ್ಲರಿಗೂ ಹೊಂದುವುದಿಲ್ಲ.

ಒಬ್ಬ ಡಾಕ್ಟರು "ಇಷ್ಟೇ ಆಗುವುದು" ಅಂದರು. ಇನ್ನೊಬ್ಬರನ್ನು ಕೇಳಬಹುದೇ?

ಖಂಡಿತ ಕೇಳಿ. ಇದರಿಂದ ಮೊದಲ ಡಾಕ್ಟರಿಗೆ ಅವಮಾನ ಆಗುವುದಿಲ್ಲ. ಅವರ ಹತ್ತಿರ ಇದ್ದ ಲೆನ್ಸ್ ಬಗೆಗಳಲ್ಲಿ ಅಷ್ಟೇ ಸಾಧ್ಯವಿದ್ದಿರಬಹುದು. ಚಿಕ್ಕ ಲೆನ್ಸಿನಲ್ಲಿ ಆಗದ್ದು ಸ್ಕ್ಲೆರಲ್‌ನಲ್ಲಿ ಆಗಬಹುದು. ಕಾರ್ನಿಯಾ ಕಸಿ ಮಾಡಿಸಿ ಅಂತ ಹೇಳಿದ್ದರಂತೂ, ಕಾರ್ನಿಯಾದ ನಡುವೆ ದೊಡ್ಡ ಕಲೆ ಇಲ್ಲದಿದ್ದರೆ, "ಸ್ಕ್ಲೆರಲ್ ಪ್ರಯತ್ನಿಸಿ ನೋಡಬಹುದೇ?" ಅಂತ ಕೇಳದೆ ಮುಂದುವರಿಯಬೇಡಿ. ಕಸಿ ಆದ ಮೇಲೂ ಅನೇಕರಿಗೆ ಗಟ್ಟಿ ಲೆನ್ಸ್ ಬೇಕಾಗುತ್ತದೆ.

ಹೋಗುವಾಗ ಕಾಗದ ಪತ್ರ ಜೊತೆಗಿರಲಿ. ಕನ್ನಡಕದ ಚೀಟಿ ಸಾಲದು, ಲೆನ್ಸಿನ ಪವರ್ ಅದಕ್ಕಿಂತ ಬೇರೆಯೇ ಇರುತ್ತದೆ. ಈಗಿನ ಲೆನ್ಸಿನ ವಕ್ರತೆ, ಅಗಲ, ಪವರ್, ವಸ್ತುವಿನ ಹೆಸರು, ಮಾಡಿದ ಲ್ಯಾಬಿನ ಹೆಸರು, ಇಷ್ಟನ್ನೂ ಬರೆಸಿಕೊಳ್ಳಿ. ಎಲ್ಲ ಟೊಪೋಗ್ರಫಿ ಪ್ರತಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಹಿಂದೆ ಹಾಕಿ ಹೊಂದದೆ ಬಿಟ್ಟ ಲೆನ್ಸಿನ ಅಳತೆ ಸಿಕ್ಕರೆ ಅದನ್ನೂ ತೆಗೆದುಕೊಂಡು ಹೋಗಿ. ಯಾವುದು ಹೊಂದಲಿಲ್ಲ ಅಂತ ಗೊತ್ತಾದರೆ ಹೊಸ ತಜ್ಞರು ಅದೇ ಅಳತೆಯನ್ನು ಮತ್ತೆ ಪ್ರಯತ್ನಿಸುತ್ತಾ ಕೂರಬೇಕಾಗುವುದಿಲ್ಲ.